ಹುಡುಕಿದವನಿಗೆ ಸಿಗುವಂತಿರಲಿ

ಹೆಸರುಕಾಳಿನ ಬೆಳೆಯ ಬಗ್ಗೆ ಏನೋ ತಿಳಿಯಬೇಕಾಗಿ ರೈತನೊಬ್ಬನು ಗ್ರಾಮ ಪಂಚಾಯತ ಗ್ರಂಥಾಲಯದ ಕಂಪ್ಯೂಟರಿನ ಮುಂದೆ ಕುಳಿತು ‘ಹೆಸರು’ ಎಂದು ಒತ್ತಿದನೆನ್ನಿ. ಅರ್ಜಿದಾರನ ಹೆಸರು, ತಂದೆಯ ಹೆಸರು, ಗ್ರಾಮದ ಹೆಸರು ಹೀಗೆ ನೂರಾರು ಹೆಸರುಗಳು ಬಂದು ನಿಲ್ಲುತ್ತವೆ. ಹೊಲದಲ್ಲಿರುವ ಹೆಸರು ಎಲ್ಲೋ ಹಿಂದೆ ಉಳಿಯುತ್ತದೆ. ‘ಕಡಲೆ’ ಎಂದು ಕೇಳಿದರೆ ಹಿಂಗಾರಿ ಕಡಲೆಯೊಡನೆ ಬೆಂಗಳೂರು ಕಡೆಯವರ ಕಡಲೆಕಾಯಿ, ಅಂದರೆ ನಮ್ಮ ಶೇಂಗಾ, ಬಂದು ಸೇರಿಕೊಳ್ಳುತ್ತದೆ. ಗೋವಿನಜೋಳ, ಮೆಕ್ಕೆಜೋಳ, ಮುಸುಕಿನ ಜೋಳ ಮೂರೂ ಒಂದೇ ಬೆಳೆಯೆಂಬುದು ರೈತನಿಗೆ ಗೊತ್ತು. ಯಾರಾದರೂ ಹೇಳಿಕೊಡದ ಹೊರತು ಯಂತ್ರಕ್ಕೆ ಗೊತ್ತಾಗುವುದಿಲ್ಲ.

ನಗುವ ವಿಷಯವೇನೋ ಹೌದು. ಆದರೆ ತೊಗರಿ ಹೂ ಬಿಟ್ಟಾಗ ಬಿದ್ದ ಕೀಡಿ ರೈತನು ಸರಿಯಾದ ಪುಟ ಹುಡುಕುವವರೆಗೆ ಕಾಯುವುದಿಲ್ಲ.

ಒಂದು ಕಾಲಕ್ಕೆ ಒಕ್ಕಲುತನದ ತಿಳಿವಳಿಕೆ ಹಳ್ಳಿಗೆ ಮುಟ್ಟುತ್ತಿರಲಿಲ್ಲ ಎಂಬುದೇ ನಮ್ಮ ದೂರಾಗಿತ್ತು. ಈಗ ಆ ದೂರು ಅಷ್ಟಾಗಿ ನಿಲ್ಲುವುದಿಲ್ಲ. ರಾಯಚೂರು ಕೃಷಿ ವಿಶ್ವವಿದ್ಯಾಲಯ, ಕಲಬುರಗಿಯ ಸಂಶೋಧನಾ ಕೇಂದ್ರ, ಪಟಾನ್‌ಚೆರುವಿನ ಇಕ್ರಿಸ್ಯಾಟ್, ಕೃಷಿ ಇಲಾಖೆ ಎಲ್ಲವೂ ಬೇಕಾದಷ್ಟು ಬರೆದು ಅಂತರಜಾಲಕ್ಕೆ ಏರಿಸಿವೆ. ರಾಜ್ಯದ ಸಾರ್ವಜನಿಕ ಗ್ರಂಥಾಲಯವೂ 2020ರಲ್ಲಿ ಡಿಜಿಟಲ್ ರೂಪ ತಾಳಿತು. ಕಣಜ ತುಂಬಿದೆ, ಆದರೆ ಚೀಲದ ಮೇಲೆ ಚೀಲ ಒಟ್ಟಿ ಯಾವುದರಲ್ಲಿ ಏನಿದೆಯೆಂದು ಗುರುತು ಹಾಕದೆ ಬಿಟ್ಟಂತಾಗಿದೆ.

ಶಹಾಬಾದದ ಫರ್ಸಿ ಕಲ್ಲಿನ ಅಡ್ಡೆಯನ್ನು ನಮ್ಮ ವಾಚಕರು ನೋಡಿಯೇ ಇರುತ್ತಾರೆ. ಅಲ್ಲಿ ಕಲ್ಲನ್ನು ಯಾವ ಗಣಿಯಿಂದ ಬಂತೆಂದು ನೋಡಿ ಒಟ್ಟುವುದಿಲ್ಲ. ಎಷ್ಟು ಅಡಿ, ಎಷ್ಟು ದಪ್ಪ, ಹೊಳಪು ಕೊಟ್ಟದ್ದೋ ಒರಟೋ ಎಂದು ನೋಡಿ ಒಟ್ಟುತ್ತಾರೆ, ಏಕೆಂದರೆ ಗಿರಾಕಿ ಕೇಳುವುದು ಅದನ್ನು. ನಮ್ಮ ಸರಕಾರಿ ಜಾಲತಾಣಗಳು ಬಹುಮಟ್ಟಿಗೆ ಇದಕ್ಕೆ ವಿರುದ್ಧ. ಯಾವ ಇಲಾಖೆ, ಯಾವ ವಿಭಾಗ, ಯಾವ ಯೋಜನೆ ಎಂದು ಅಲ್ಲಿ ವಿಂಗಡಿಸಿರುತ್ತಾರೆ. ಅದು ಗಣಿಯ ಲೆಕ್ಕವಾಯಿತು, ಗಿರಾಕಿಯ ಲೆಕ್ಕವಲ್ಲ.

ಈ ವಿಷಯದಲ್ಲಿ ಜಗತ್ತಿಗೆ ದಾರಿ ತೋರಿಸಿದವರು ನಮ್ಮವರೇ. ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲರಾಗಿದ್ದ ಎಸ್.ಆರ್. ರಂಗನಾಥನ್ ಅವರು 1933ರಲ್ಲಿ ಕೋಲನ್ ವರ್ಗೀಕರಣ ಎಂಬ ಪದ್ಧತಿಯನ್ನು ಪ್ರಕಟಿಸಿದರು. ಅಷ್ಟರವರೆಗೆ ಹೆಚ್ಚಾಗಿ ಬಳಕೆಯಲ್ಲಿದ್ದುದು ಅಮೆರಿಕದ ಡ್ಯೂಯಿಯವರ 1876ರ ಪದ್ಧತಿ. ಅದರಲ್ಲಿ ವಿಷಯಗಳ ಪಟ್ಟಿ ಮೊದಲೇ ಸಿದ್ಧವಾಗಿದ್ದು, ಪುಸ್ತಕವನ್ನು ಯಾವುದಾದರೊಂದು ಖಾನೆಯಲ್ಲಿ ಕೂಡಿಸಬೇಕಿತ್ತು. ರಂಗನಾಥನ್ನರು ಪ್ರತಿ ವಿಷಯವನ್ನೂ ಬಿಡಿ ಬಿಡಿ ಮುಖಗಳಾಗಿ ಒಡೆದರು: ಯಾವ ವಸ್ತು, ಯಾವ ದ್ರವ್ಯ, ಯಾವ ಕ್ರಿಯೆ, ಯಾವ ದೇಶ, ಯಾವ ಕಾಲ. ಒಕ್ಕಲುತನಕ್ಕೆ ಹಚ್ಚಿ ನೋಡಿದರೆ ಯಾವ ಬೆಳೆ, ಗಿಡದ ಯಾವ ಭಾಗ, ಏನು ಕೆಲಸ ಅಥವಾ ಏನು ರೋಗ, ಯಾವ ಸೀಮೆ, ಯಾವ ಹಂಗಾಮು. ರೈತನು ರೈತನನ್ನು ಕೇಳುವುದೂ ಇದೇ ಕ್ರಮದಲ್ಲಲ್ಲವೇ? ಅವರು ಬೆಂಗಳೂರಿನಲ್ಲಿ ನೆಲೆಸಿ 1962ರಲ್ಲಿ ಅಲ್ಲಿ ಈ ಶಾಸ್ತ್ರದ ತರಬೇತಿ ಕೇಂದ್ರವನ್ನೂ ಆರಂಭಿಸಿದರು. 1972ರಲ್ಲಿ ಅಲ್ಲಿಯೇ ತೀರಿಕೊಂಡರು. ಇಂದು ಸೀರೆ, ಮೊಬೈಲು ಮಾರುವ ಜಾಲತಾಣಗಳು ಬಣ್ಣ, ಬೆಲೆ, ಅಳತೆ ಎಂದು ಪಕ್ಕದಲ್ಲಿ ಪಟ್ಟಿ ಕೊಟ್ಟು ಗಿರಾಕಿಗೆ ಆರಿಸಲು ಬಿಡುತ್ತವಲ್ಲ, ಅದರ ತತ್ವವೂ ಇದೇ. ಸೀರೆಗೆ ಸಿಕ್ಕ ಅನುಕೂಲ ತೊಗರಿಗೆ ಏಕೆ ಸಿಗಬಾರದು?

ತೊಗರಿಯ ಕಾಯಿಕೊರಕವನ್ನೇ ನೋಡೋಣ. ಅದೇ ಹುಳು ಕಡಲೆಗೂ ಬೀಳುತ್ತದೆ, ಹತ್ತಿಗೂ ಸೂರ್ಯಕಾಂತಿಗೂ ಬೀಳುತ್ತದೆ. ಅದರ ಬಗೆಗಿನ ಪುಟವನ್ನು ತೊಗರಿಯ ಕಪಾಟಿನಲ್ಲಷ್ಟೇ ಇಟ್ಟರೆ ಕಡಲೆ ಬಿತ್ತಿದವನಿಗೆ ಕಾಣುವುದಿಲ್ಲ. ಕೀಟಶಾಸ್ತ್ರದ ಕಪಾಟಿನಲ್ಲಿಟ್ಟರೆ ಇಬ್ಬರಿಗೂ ಕಾಣುವುದಿಲ್ಲ. ವಾಡಿ ಜಂಕ್ಷನ್ನಿಗೆ ಶಹಾಬಾದ ಕಡೆಯಿಂದಲೂ ಬರಬಹುದು, ಸೇಡಂ-ಚಿತ್ತಾಪುರ ಕಡೆಯಿಂದಲೂ ಬರಬಹುದು, ರಾಯಚೂರು ಕಡೆಯಿಂದಲೂ ಬರಬಹುದು, ನಿಲ್ದಾಣ ಒಂದೇ. ಪುಟವೂ ಒಂದೇ ಇರಲಿ, ಅದಕ್ಕೆ ಬರುವ ಹಳಿಗಳು ನಾಲ್ಕಾರು ಇರಲಿ. ‘ಕೀಡಿ’ ಎಂದು ಬರೆದವನೂ ‘ಕಾಯಿಕೊರಕ’ ಎಂದು ಬರೆದವನೂ ‘ಹೆಲಿಕೋವರ್ಪಾ’ ಎಂದು ಬರೆದ ಪದವೀಧರನೂ ಅಲ್ಲಿಗೇ ಬಂದು ಇಳಿಯಬೇಕು.

ನೆಟೆ ರೋಗದ ಸಂಗತಿ ಇನ್ನೂ ಗಹನವಾದುದು. 2022ರ ಹಂಗಾಮಿನಲ್ಲಿ ಈ ರೋಗ ಜಿಲ್ಲೆಯ ತೊಗರಿಯನ್ನು ಹೇಗೆ ಒಣಗಿಸಿತೆಂಬುದನ್ನು ಯಾರೂ ಮರೆತಿಲ್ಲ. ಗಿಡ ಒಣಗತೊಡಗಿದ ಮೇಲೆ ರೈತನು ‘ತೊಗರಿ ಒಣಗುತ್ತಿದೆ’ ಎಂದೇ ಹುಡುಕುತ್ತಾನೆ, ಶಿಲೀಂಧ್ರದ ಹೆಸರು ಹಿಡಿದು ಹುಡುಕುವುದಿಲ್ಲ. ಹಾಗೆ ಹುಡುಕಿದಾಗ ಎರಡು ದಾರಿ ಕಾಣಬೇಕು. ಕಾಂಡದ ಸಿಪ್ಪೆ ಸುಲಿದರೆ ಒಳಗೆ ಕಪ್ಪು ಗೆರೆಗಳಿವೆಯೇ? ಹಾಗಾದರೆ ನೆಟೆ. ನೀರು ನಿಂತ ಹೊಲದಲ್ಲಿ ಕಾಂಡದ ಹೊರಗೆ ಮಚ್ಚೆ ಬಿದ್ದು ಅಲ್ಲೇ ಮುರಿಯುತ್ತಿದೆಯೇ? ಅದು ಬೇರೆ ರೋಗ, ಅದರ ಉಪಾಯವೂ ಬೇರೆ. ಇಷ್ಟನ್ನು ಕೇಳಿ ದಾರಿ ಬೇರ್ಪಡಿಸದ ಹುಡುಕಾಟ ರೈತನನ್ನು ಔಷಧದ ಅಂಗಡಿಗೆ ಸುಮ್ಮನೆ ಅಟ್ಟುತ್ತದೆ.

ಅದಕ್ಕಿಂತ ಮುಖ್ಯವಾದ ಮಾತೊಂದಿದೆ. ನೆಟೆಯ ಶಿಲೀಂಧ್ರ ಮಣ್ಣಿನಲ್ಲಿರುತ್ತದೆ. ಒಣಗಿದ ಗಿಡಕ್ಕೆ ಉಪಚಾರವಿಲ್ಲ. ರೋಗ ತಡೆಯುವ ತಳಿ, ಟ್ರೈಕೋಡರ್ಮಾದಿಂದ ಬೀಜೋಪಚಾರ, ಜೋಳದೊಡನೆ ಬೆಳೆ ಬದಲಾವಣೆ ಇವೆಲ್ಲ ಬಿತ್ತುವ ಮೊದಲಿನ ಕೆಲಸಗಳು. ಆದರೆ ಈ ತಿಳಿವಳಿಕೆ ‘ರೋಗಗಳು’ ಎಂಬ ಕಪಾಟಿನಲ್ಲಿ ಮಾತ್ರ ಇದ್ದರೆ ರೈತನ ಕಣ್ಣಿಗೆ ಬೀಳುವುದು ಗಿಡ ಒಣಗಿದ ಮೇಲೆ. ‘ಬಿತ್ತನೆ’ ಎಂಬ ಕಪಾಟಿನಲ್ಲೂ ಅದು ಇರಬೇಕು. ಕಪಾಟು ತಪ್ಪಿದರೆ ಒಂದು ವರ್ಷದ ಪೀಕು ಹೋಗುತ್ತದೆ. ವಿಂಗಡಣೆಯೆಂದರೆ ಬರೀ ಗುಮಾಸ್ತಿಕೆಯೆಂದು ಭಾವಿಸಿದ ಅಧಿಕಾರಿಗಳು ಇದನ್ನು ಯೋಚಿಸಬೇಕು. ತಳಿಯ ಹೆಸರಿನದೂ ಇದೇ ಪಾಡು. ಮಾರುತಿ ತಳಿಯೆಂದರೂ ಐ.ಸಿ.ಪಿ. 8863 ಎಂದರೂ ಒಂದೇ. ಆಶಾ ಎಂದರೂ ಐ.ಸಿ.ಪಿ.ಎಲ್. 87119 ಎಂದರೂ ಒಂದೇ. ಬೀಜದ ಚೀಲದ ಮೇಲೆ ಒಂದು ಹೆಸರು, ಪುಟದಲ್ಲಿ ಇನ್ನೊಂದು ಹೆಸರು ಇದ್ದರೆ ರೈತನು ಏನು ಮಾಡಬೇಕು?

ಪೇಟೆ ಧಾರಣೆಯ ಕಡೆ ಬಂದರೆ, ಕೇಂದ್ರ ಸರಕಾರದ ಆಗ್‌ಮಾರ್ಕ್‌ನೆಟ್ ಪಟ್ಟಿಯಲ್ಲಿ ತೊಗರಿ ಕಾಳು ಬಹುಕಾಲ ‘ಅರ್ಹರ್’ ಎಂಬ ಹಿಂದಿ ಹೆಸರಿನಿಂದ ಮೊದಲಾಗುತ್ತಿತ್ತು. ತೊಗರಿ ಬೇಳೆಗೂ ಅದೇ ಹೆಸರಿನಿಂದ ಮೊದಲಾಗುವ ಬೇರೊಂದು ಸಾಲು. ತ ಅಕ್ಷರ ಹಿಡಿದು ಹುಡುಕಿದವನಿಗೆ ಅದು ದೊರೆಯದು. ದೊರೆತರೂ ಬೇಳೆಯ ದರ ಓದಿ ಕಾಳಿನದೆಂದು ತಿಳಿದು ಗಾಡಿ ಕಟ್ಟುವ ಸಂಭವವುಂಟು. ದೇಶಕ್ಕೆಲ್ಲ ಒಂದೇ ಸಂಕೇತ ಬೇಕೆಂಬ ಅಧಿಕಾರಿಗಳ ವಾದವನ್ನು ನಾವು ಅಲ್ಲಗಳೆಯುವುದಿಲ್ಲ. ಒಳಗಿನ ಸಂಕೇತ ಒಂದೇ ಇರಲಿ. ಹೊರಗಿನ ಫಲಕ ಆಯಾ ಸೀಮೆಯ ಮಾತಿನಲ್ಲಿರಲು ಅಡ್ಡಿಯೇನು?

ಪಹಣಿಯ ಮಾತು ಬೇರೆ. ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೇರಿಸಿದ ‘ಭೂಮಿ’ ಯೋಜನೆ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು ಎಂಬ ಮೆಟ್ಟಿಲುಗಳನ್ನಿಟ್ಟಿತು. ಅವು ರೈತನಿಗೆ ಪರಿಚಿತ ಮೆಟ್ಟಿಲುಗಳಾದ್ದರಿಂದ ಅದು ಬಳಕೆಗೆ ಬಂತು. ಆದರೂ 2017ರ ಬಜೆಟ್ಟಿನಲ್ಲಿ ಶಹಾಬಾದ, ಕಾಳಗಿಗಳನ್ನು ಹೊಸ ತಾಲ್ಲೂಕುಗಳೆಂದು ಸಾರಿದ ಮೇಲೆ, ಹಳೆಯ ರೂಢಿಯಿಂದ ಚಿತ್ತಾಪುರದಡಿ ಊರನ್ನು ಹುಡುಕುವವರು ಇದ್ದೇ ಇರುತ್ತಾರೆ. ‘ಈ ಗ್ರಾಮ ಈಗ ಇಂಥ ತಾಲ್ಲೂಕಿನಲ್ಲಿದೆ’ ಎಂಬ ಒಂದು ಸಾಲು ಹಳೆಯ ಜಾಗದಲ್ಲಿದ್ದರೆ ಸಾಕು.

ಈಗ ಬಾಯಿಮಾತಿನಲ್ಲೇ ಕೇಳಿ ಉತ್ತರ ಪಡೆಯುವ ಯಂತ್ರಗಳು ಬಂದಿವೆ, ಇನ್ನು ವಿಂಗಡಣೆಯ ಗೊಡವೆ ಏಕೆ ಎನ್ನುವವರುಂಟು. ಕೇಳಲು ಪದ ಗೊತ್ತಿರುವವನಿಗೆ ಆ ಮಾತು ಸರಿ. ಏನು ಕೇಳಬೇಕೆಂಬುದೇ ತಿಳಿಯದವನಿಗೆ ಕಪಾಟುಗಳ ಸಾಲು ಕಣ್ಣಿಗೆ ಕಾಣಬೇಕು, ನೋಡುತ್ತ ಹೋಗಿ ‘ಇದೇ ನನ್ನ ಹೊಲದ್ದು’ ಎನ್ನಬೇಕು. ಹುಡುಕಾಟ, ವಿಂಗಡಣೆ ಎರಡೂ ಬೇಕು.

ರೈತರ ಮಾತುಗಳನ್ನು ಎಲ್ಲಿಂದ ತರುವುದೆಂಬ ಪ್ರಶ್ನೆ ಉಳಿಯುತ್ತದೆ. 2004ರಿಂದ ನಡೆದಿರುವ ಕಿಸಾನ್ ಕಾಲ್ ಸೆಂಟರಿಗೆ ಬಂದ ಪ್ರಶ್ನೆಗಳನ್ನು ಬೆಳೆ, ವಿಷಯ, ಜಿಲ್ಲೆವಾರು ವಿಂಗಡಿಸಿ ಪ್ರಕಟಿಸಿದ್ದಾರೆ, ಮೆಚ್ಚತಕ್ಕ ಕೆಲಸ. ಆದರೆ ಪ್ರಶ್ನೆಗಳು ಬಹುಮಟ್ಟಿಗೆ ಇಂಗ್ಲಿಷಿಗೆ ಇಳಿದಿವೆ, ರೈತನಾಡಿದ ಪದ ಅಲ್ಲಿಗೆ ಕಳೆದುಹೋಗಿದೆ. ಆದ್ದರಿಂದ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಭಾಗದ ವಾಚನಾಲಯಗಳಲ್ಲಿ ಕಂಪ್ಯೂಟರಿನ ಪಕ್ಕದಲ್ಲೊಂದು ನೋಟುಬುಕ್ಕು ಇಡಲಿ. ಹುಡುಕಿ ಸಿಗದವನು ತಾನು ಬರೆದ ಪದವನ್ನು ಇದ್ದಂತೆಯೇ ಅದರಲ್ಲಿ ಬರೆಯಲಿ, ಓದುಬರಹ ಬಾರದವನ ಪರವಾಗಿ ಗ್ರಂಥಪಾಲಕರು ಬರೆಯಲಿ. ಮುಂಗಾರಿಗೆ ಮೊದಲೊಮ್ಮೆ, ಹಿಂಗಾರಿಗೆ ಮೊದಲೊಮ್ಮೆ ಆ ಪುಟಗಳು ಕೃಷಿ ಇಲಾಖೆಗೂ ವಿಶ್ವವಿದ್ಯಾಲಯಕ್ಕೂ ಹೋಗಬೇಕು. ಯಾವ ಪದಕ್ಕೆ ಯಾವ ಪುಟ ಜೋಡಿಸಿದೆವೆಂದು ಅವರು ಅದೇ ಪುಸ್ತಕದಲ್ಲಿ ಬರೆದು ವಾಚನಾಲಯಕ್ಕೆ ಮರಳಿ ಕಳುಹಿಸಬೇಕು.