ಸಮತಟ್ಟಾದ ದಾರಿ ಸುಲಭವೇ?



ಸೈಕಲ್ ಹೊಡೆಯಲು ಯಾವ ದಾರಿ ಸುಲಭ ಎಂದು ಕೇಳಿದರೆ ನೀವು ಏನು ಹೇಳುತ್ತೀರಿ? "ಏರು ಇಲ್ಲದ ಸಮತಟ್ಟಾದ ದಾರಿ" ಎಂದು ತಕ್ಷಣ ಹೇಳುತ್ತೀರಿ, ಅಲ್ಲವೇ? ಅಂಥ ದಾರಿಯಲ್ಲಿ ನೋಡಲು ಏನಿರುತ್ತದೆ ಎಂದು ಕೇಳಿದರೆ? "ಏನೂ ಇಲ್ಲ, ಬರೀ ಬಯಲು" ಎನ್ನುವವರೇ ಹೆಚ್ಚು. ಈ ಎರಡು ಉತ್ತರಗಳೂ ತಪ್ಪು ಎಂಬುದು ನನ್ನ ಅಭಿಪ್ರಾಯ. ಇದಕ್ಕೆ ಸಾಕ್ಷಿಯಾಗಿ ಇಂಗ್ಲೆಂಡಿನ ಒಂದು ಪ್ರದೇಶದ ಕಥೆ ಹೇಳುತ್ತೇನೆ.

ಇಂಗ್ಲೆಂಡಿನ ಪೂರ್ವ ಭಾಗದಲ್ಲಿ ಫೆನ್ಸ್ ಎಂಬ ಪ್ರದೇಶವಿದೆ. ಫೆನ್ ಎಂದರೆ ಜೌಗು ನೆಲ. ಸುಮಾರು 4,000 ಚದರ ಕಿಲೋಮೀಟರ್ ವಿಸ್ತಾರದ ಈ ನೆಲ ಹಾಸಿದ ಚಾಪೆಯಂತೆ ಸಮತಟ್ಟು. ರಸ್ತೆಗಳು ಗೆರೆ ಎಳೆದಂತೆ ನೇರ. ನಡುವೆ ಈಲಿ ಎಂಬ ಪುಟ್ಟ ಊರು ಸಣ್ಣ ದಿಬ್ಬದ ಮೇಲಿದೆ. ಅಲ್ಲಿನ ದೊಡ್ಡ ಚರ್ಚು ಹಲವು ಕಿಲೋಮೀಟರ್ ದೂರದಿಂದಲೇ ಕಾಣುತ್ತದೆ. ಅದಕ್ಕೆ ಜನ "ಫೆನ್ಸ್‌ನ ಹಡಗು" ಎಂದು ಹೆಸರಿಟ್ಟಿದ್ದಾರೆ.

ಕೇಂಬ್ರಿಜ್ ನಗರದಿಂದ ಈಶಾನ್ಯ ದಿಕ್ಕಿಗೆ ಸುಮಾರು 25 ಕಿಲೋಮೀಟರ್ ಹೋದರೆ ಈಲಿ ಸಿಗುತ್ತದೆ. ಒಬ್ಬ ಹೊಸ ಸವಾರ ಕೇಂಬ್ರಿಜ್‌ನಿಂದ ಹೊರಟ ಎಂದುಕೊಳ್ಳೋಣ. ಸೈಕಲ್ ಜುಮ್ಮೆಂದು ಓಡುತ್ತದೆ. "ನನ್ನ ಕಾಲಿನಲ್ಲಿ ಎಷ್ಟು ಶಕ್ತಿ!" ಎಂದು ಅವನು ಬೀಗುತ್ತಾನೆ. ಈಲಿಯಲ್ಲಿ ಊಟ ಮಾಡಿ ಹಿಂದಿರುಗಿದಾಗ ಮಾತ್ರ ಅವನಿಗೆ ಸತ್ಯ ತಿಳಿಯುತ್ತದೆ. ಇಂಗ್ಲೆಂಡಿನಲ್ಲಿ ಗಾಳಿ ಹೆಚ್ಚಾಗಿ ಬೀಸುವುದು ನೈಋತ್ಯ ದಿಕ್ಕಿನಿಂದ. ಹೋಗುವಾಗ ಅವನನ್ನು ತಳ್ಳಿದ ಗಾಳಿಯೇ ಬರುವಾಗ ಎದೆಗೆ ಒದೆಯುತ್ತದೆ! ತಡೆಯಲು ಅಲ್ಲಿ ಗುಡ್ಡವೂ ಇಲ್ಲ, ಕಾಡೂ ಇಲ್ಲ.

ಗಾಳಿಗೆ ಅಷ್ಟು ಬಲವಿದೆಯೇ? ಲೆಕ್ಕ ನೋಡಿ. ಗಾಳಿ ಇಲ್ಲದ ದಿನ ನೀವು ಗಂಟೆಗೆ 15 ಕಿ.ಮೀ. ವೇಗದಲ್ಲಿ ಹೋದರೆ ಮುಖಕ್ಕೆ ತಗಲುವ ಗಾಳಿಯ ವೇಗವೂ 15 ಕಿ.ಮೀ. ಎದುರಿನಿಂದ ಗಂಟೆಗೆ 15 ಕಿ.ಮೀ. ಗಾಳಿ ಬೀಸಿದರೆ ಎರಡೂ ಕೂಡಿ 30 ಆಗುತ್ತದೆ. ವೇಗ ಎರಡು ಪಟ್ಟು ಆಯಿತು. ಆದರೆ ಗಾಳಿಯ ತಡೆ ಎರಡು ಪಟ್ಟಲ್ಲ, ನಾಲ್ಕು ಪಟ್ಟು ಆಗುತ್ತದೆ! ಏಕೆಂದರೆ ಗಾಳಿಯ ತಡೆ ಅದರ ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ಅದಕ್ಕೇ ಅನುಭವಿ ಸವಾರರು ಎದುರುಗಾಳಿಯಲ್ಲಿ ಬೆನ್ನು ಬಾಗಿಸಿ ಮೈಯನ್ನು ಚಿಕ್ಕದು ಮಾಡಿಕೊಳ್ಳುತ್ತಾರೆ.

"ಹೋಗುವಾಗ ಲಾಭ, ಬರುವಾಗ ನಷ್ಟ, ಎರಡೂ ಸರಿಹೋಯಿತಲ್ಲ" ಎನ್ನುವಿರಾ? ಅದೂ ಇಲ್ಲ. ಹೋಗುವಾಗ ಗಂಟೆಗೆ 20 ಕಿ.ಮೀ., ಬರುವಾಗ 10 ಕಿ.ಮೀ. ಎಂದುಕೊಳ್ಳಿ. 25 ಕಿ.ಮೀ. ಹೋಗಲು 1 ಗಂಟೆ 15 ನಿಮಿಷ, ಬರಲು 2 ಗಂಟೆ 30 ನಿಮಿಷ, ಒಟ್ಟು 3 ಗಂಟೆ 45 ನಿಮಿಷ. ಗಾಳಿಯೇ ಇಲ್ಲದೆ 15 ಕಿ.ಮೀ. ವೇಗದಲ್ಲಿ ಹೋಗಿಬಂದಿದ್ದರೆ 3 ಗಂಟೆ 20 ನಿಮಿಷ ಸಾಕಿತ್ತು. ಗಾಳಿ ಕೊಟ್ಟದ್ದಕ್ಕಿಂತ ಕಿತ್ತುಕೊಂಡದ್ದೇ ಹೆಚ್ಚು!

ಗುಡ್ಡ ಹತ್ತಿದವನಿಗೆ ಇಳಿಜಾರಿನಲ್ಲಿ ವಿಶ್ರಾಂತಿ ಸಿಗುತ್ತದೆ. ಎದುರುಗಾಳಿಯ ಬಯಲಿನಲ್ಲಿ ಅದೂ ಇಲ್ಲ. ತುಳಿಯುತ್ತಲೇ ಇರಬೇಕು. ಆದ್ದರಿಂದ ಬಯಲಿನಲ್ಲಿಯೂ ಏರು ಇದೆ. ಅದು ಕಣ್ಣಿಗೆ ಕಾಣುವುದಿಲ್ಲ, ಅಷ್ಟೇ.

ಇನ್ನು ಎರಡನೆಯ ಉತ್ತರಕ್ಕೆ ಬರೋಣ. ಬಯಲಿನಲ್ಲಿ ನೋಡಲು ಏನೂ ಇಲ್ಲವೇ? ಫೆನ್ಸ್‌ನಲ್ಲಿ ಸೈಕಲ್ ಸವಾರನಿಗೆ ಎರಡು ವಿಚಿತ್ರಗಳು ಎದುರಾಗುತ್ತವೆ. ಒಂದು, ಅಲ್ಲಿ ಎಷ್ಟೋ ಕಡೆ ನದಿ ಮೇಲಿದೆ, ಹೊಲ ಕೆಳಗಿದೆ! ಎರಡು, ರಸ್ತೆ ನೇರವಾಗಿದ್ದರೂ ಅಲೆ ಅಲೆಯಾಗಿರುತ್ತದೆ. ಅಲ್ಲಲ್ಲಿ ಬಿರುಕು, ಒಂದು ಬದಿ ಕುಸಿತ. ಕಾರಿನಲ್ಲಿ ಕುಳಿತವರು "ಕೆಟ್ಟ ರಸ್ತೆ" ಎಂದು ಬೈದು ಮುಂದೆ ಹೋಗುತ್ತಾರೆ. ಸೈಕಲ್ ಸವಾರ ಮಾತ್ರ "ಹೀಗೇಕೆ?" ಎಂದು ಇಳಿದು ನೋಡಬಲ್ಲ.

ಕಾರಣ ಆ ನೆಲದ ಮಣ್ಣಿನಲ್ಲಿದೆ. ಸಾವಿರಾರು ವರ್ಷ ಅಲ್ಲಿ ನೀರು ನಿಂತಿತ್ತು. ಸತ್ತ ಜೊಂಡು, ಹುಲ್ಲು ನೀರಿನಲ್ಲಿ ಮುಳುಗಿದವು. ಅಲ್ಲಿ ಆಮ್ಲಜನಕ ಕಡಿಮೆ. ಹಾಗಾಗಿ ಅವು ಪೂರ್ತಿ ಕೊಳೆಯದೆ ಪದರ ಪದರವಾಗಿ ಕೂಡಿಕೊಂಡವು. ಈ ಕಪ್ಪು, ಹಗುರ ಮಣ್ಣೇ ಪೀಟ್. ಅದು ನೀರು ಕುಡಿದ ಸ್ಪಂಜಿನಂತೆ ಉಬ್ಬಿಕೊಂಡಿತ್ತು.

17ನೆಯ ಶತಮಾನದಲ್ಲಿ ಸಿರಿವಂತ ಜಮೀನುದಾರರು ಈ ಜೌಗನ್ನು ಒಣಗಿಸಲು ಹೊರಟರು. ಡಚ್ ಎಂಜಿನಿಯರ್ ಕಾರ್ನೀಲಿಯಸ್ ವರ್ಮೈಡನ್ ನೇತೃತ್ವದಲ್ಲಿ ಉದ್ದನೆಯ ನೇರ ಕಾಲುವೆಗಳನ್ನು ತೋಡಿ ನೀರನ್ನು ಸಮುದ್ರದ ಕಡೆಗೆ ಹರಿಸಲಾಯಿತು. ನೀರು ಹೋಯಿತು. ಆದರೆ ಒಣಗಿದ ಸ್ಪಂಜು ಏನಾಗುತ್ತದೆ? ಕುಗ್ಗುತ್ತದೆ. ನೆಲ ತಗ್ಗಿತು, ನದಿಗಳು ಮೇಲುಳಿದವು. ಹೊಲದ ನೀರನ್ನು ಮೇಲೆತ್ತಿ ಕಾಲುವೆಗೆ ಸುರಿಯಲು ಗಾಳಿಯಂತ್ರಗಳು ಬಂದವು. ಆಮೇಲೆ ಉಗಿಯಂತ್ರ, ನಂತರ ಡೀಸೆಲ್ ಮತ್ತು ವಿದ್ಯುತ್ ಪಂಪುಗಳು. ಹೆಚ್ಚು ನೀರೆತ್ತಿದಷ್ಟೂ ನೆಲ ಇನ್ನಷ್ಟು ತಗ್ಗಿತು.

ಎಷ್ಟು ತಗ್ಗಿತು? ಅಳತೆಗೋಲು ಅಲ್ಲಿಯೇ ನಿಂತಿದೆ. ಈಲಿಯ ಪಶ್ಚಿಮಕ್ಕೆ, ಪೀಟರ್‌ಬರೋ ನಗರದ ಸಮೀಪ ಹೋಮ್ ಫೆನ್ ಎಂಬ ಜಾಗವಿದೆ. 1851ರ ಸುಮಾರಿಗೆ ಅಲ್ಲಿನ ದೊಡ್ಡ ಸರೋವರವನ್ನು ಬತ್ತಿಸಿದಾಗ ಒಂದು ಕಬ್ಬಿಣದ ಕಂಬವನ್ನು ಪೀಟ್‌ನಲ್ಲಿ ಹೂತರು. ಅದರ ಬುಡ ಕೆಳಗಿನ ಜೇಡಿಮಣ್ಣಿನಲ್ಲಿ ಭದ್ರವಾಗಿತ್ತು, ತುದಿ ನೆಲದ ಮಟ್ಟಕ್ಕಿತ್ತು. ಇಂದು ಆ ತುದಿ ನೆಲದಿಂದ ಸುಮಾರು 4 ಮೀಟರ್ ಎತ್ತರದಲ್ಲಿದೆ! ಒಬ್ಬರ ಹೆಗಲ ಮೇಲೆ ಇನ್ನೊಬ್ಬರು ನಿಂತು ಕೈ ಚಾಚಿದರೂ ಎಟುಕದು. ಕಂಬ ಬೆಳೆಯಲಿಲ್ಲ, ನೆಲ ಇಳಿಯಿತು. ಆ ಜಾಗ ಈಗ ಸಮುದ್ರಮಟ್ಟಕ್ಕಿಂತಲೂ ಕೆಳಗಿದೆ.

ಅಷ್ಟು ಮಣ್ಣು ಎಲ್ಲಿ ಹೋಯಿತು? ಒಂದು ಪಾಲು ಕುಗ್ಗಿತು. ಒಂದು ಪಾಲು ಒಣ ಧೂಳಾಗಿ ಗಾಳಿಯಲ್ಲಿ ಹಾರಿತು. ಇನ್ನೊಂದು ಪಾಲು ಹೊಗೆಯಿಲ್ಲದೆ "ಉರಿಯಿತು" ಎನ್ನಬಹುದು. ಪೀಟ್ ಒಣಗಿದಾಗ ಅದರೊಳಕ್ಕೆ ಆಮ್ಲಜನಕ ಸೇರುತ್ತದೆ. ಸೂಕ್ಷ್ಮಜೀವಿಗಳು ಅದನ್ನು ಕೊಳೆಸುತ್ತವೆ, ಅದರ ಇಂಗಾಲ ಡೈಆಕ್ಸೈಡ್ ಆಗಿ ವಾತಾವರಣ ಸೇರುತ್ತದೆ. ಭೂಮಿ ಬಿಸಿಯಾಗುವುದಕ್ಕೆ ಇದೂ ಒಂದು ಕಾರಣ. ಪ್ರಪಂಚದ ನೆಲದಲ್ಲಿ ಪೀಟ್ ಇರುವುದು ಸುಮಾರು ಶೇಕಡಾ 3ರಷ್ಟು ಮಾತ್ರ. ಆದರೂ ಎಲ್ಲ ಕಾಡುಗಳ ಮರಗಿಡಗಳಲ್ಲಿ ಇರುವುದಕ್ಕಿಂತ ಹೆಚ್ಚು ಇಂಗಾಲ ಅದರಲ್ಲಿ ಅಡಗಿದೆ.

ಹಾಗಾದರೆ ಹಿಂದಿನವರು ಮಾಡಿದ್ದು ಬರೀ ತಪ್ಪೇ? ಹಾಗೆನ್ನಲಾರೆ. ಇಂಗ್ಲೆಂಡಿನ ಅತ್ಯುತ್ತಮ ದರ್ಜೆಯ ಕೃಷಿಭೂಮಿಯಲ್ಲಿ ಸುಮಾರು ಅರ್ಧದಷ್ಟು ಫೆನ್ಸ್‌ನಲ್ಲಿದೆ. ಗೋಧಿ, ಆಲೂಗೆಡ್ಡೆ, ಸಕ್ಕರೆ ಬೀಟ್, ತರಕಾರಿ ಬೆಳೆದು ಅದು ಲಕ್ಷಾಂತರ ಜನರಿಗೆ ಅನ್ನ ಕೊಟ್ಟಿದೆ. ಜೌಗಿನ ಸೊಳ್ಳೆಗಳಿಂದ ಬರುತ್ತಿದ್ದ ಮಲೇರಿಯಾ ಜ್ವರವೂ ಹೋಯಿತು. ಆದರೆ ಸಾವಿರಾರು ವರ್ಷಗಳಲ್ಲಿ ಆದ ಮಣ್ಣು ಕೆಲವೇ ನೂರು ವರ್ಷಗಳಲ್ಲಿ ಕರಗುತ್ತಿದ್ದರೆ ನಾಳೆಯ ಬೆಳೆ ಎಲ್ಲಿ ಬೆಳೆಯಬೇಕು? ಇದು ಅಲ್ಲಿನ ರೈತರದೇ ಪ್ರಶ್ನೆ.

ಸಮಾಧಾನದ ಸಂಗತಿಯೂ ಇದೆ. ವಿಕೆನ್ ಫೆನ್ ಎಂಬ ಜೌಗನ್ನು 1899ರಿಂದಲೇ ಕಾಪಾಡಿಕೊಂಡು ಬರಲಾಗಿದೆ. 2001ರಲ್ಲಿ ಆರಂಭವಾದ ಗ್ರೇಟ್ ಫೆನ್ ಯೋಜನೆಯು ಹೋಮ್ ಫೆನ್ ಸುತ್ತಲಿನ ಹೊಲಗಳಿಗೆ ಮತ್ತೆ ನೀರು ತುಂಬುತ್ತಿದೆ. ವಿಕೆನ್ ಫೆನ್ ಮೂಲಕ ರಾಷ್ಟ್ರೀಯ ಸೈಕಲ್ ಮಾರ್ಗವೂ ಹಾದುಹೋಗುತ್ತದೆ. ಅಲ್ಲಿ ಒಣಗಿದ ಫೆನ್ ಮತ್ತು ಒದ್ದೆ ಫೆನ್ ಎರಡನ್ನೂ ಒಂದೇ ಸವಾರಿಯಲ್ಲಿ ನೋಡಬಹುದು.

ಮಿತ್ರರೇ, "ಅಲ್ಲಿ ಏನೂ ಇಲ್ಲ" ಎಂಬ ಮಾತು ಅಪಾಯದ ಮಾತು. ಏನೂ ಇಲ್ಲ ಎಂದುಕೊಂಡ ನೆಲವನ್ನು ಯಾರೂ ಕಾಪಾಡುವುದಿಲ್ಲ. ಅದಕ್ಕೇ ನಾನು ಹೇಳುವುದು, ಒಂದು ನೆಲವನ್ನು ಅರಿಯಲು ಸೈಕಲ್ಲಿಗಿಂತ ಒಳ್ಳೆಯ ವಾಹನವಿಲ್ಲ. ಅದು ಗಾಳಿಯನ್ನು ಕಾಲಿಗೆ ತಿಳಿಸುತ್ತದೆ, ಮಣ್ಣನ್ನು ಕೈಗೆ ತಿಳಿಸುತ್ತದೆ.

ನೀವೂ ಒಂದು ಪ್ರಯೋಗ ಮಾಡಿ. ಗಾಳಿ ಬೀಸುವ ದಿನ, ವಾಹನ ಓಡಾಡದ ನೇರ ದಾರಿಯೊಂದನ್ನು ಆರಿಸಿ. ಹ್ಯಾಂಡಲಿಗೆ ಒಂದು ರಿಬ್ಬನ್ ಕಟ್ಟಿ. ಹೋಗಲು ಎಷ್ಟು ನಿಮಿಷ, ಬರಲು ಎಷ್ಟು ನಿಮಿಷ ಎಂದು ಬರೆದಿಡಿ. ರಿಬ್ಬನ್ ಯಾವ ಕಡೆಗೆ ಹಾರಿತು, ದಾರಿ ಎಲ್ಲಿ ಕುಸಿದಿದೆ, ನೀರು ಎಲ್ಲಿ ನಿಲ್ಲುತ್ತದೆ ಎಂಬುದನ್ನೂ ಗುರುತಿಸಿ. ಆಮೇಲೆ ಹೇಳಿ, ನಿಮ್ಮ ದಾರಿ ನಿಜವಾಗಿಯೂ ಸಮತಟ್ಟಾಗಿದೆಯೇ?