ಕಂಕುಳ ಕೂಸಿಗೂ ಮತಗಟ್ಟೆಯೊಳಗೆ ಜಾಗವಿದೆ

ಬಾಣಂತಿ ಓಟಿಗೆ ಹೊರಟರೆ ಸೆಟ್ಟೂರು ಭಾಗದ ಮನೆಗಳಲ್ಲಿ ಹಿರಿಯರ ಮಾತು ಸಾಮಾನ್ಯವಾಗಿ ಒಂದೇ: ‘ಕೂಸು ಎತ್ಕೊಂಡು ಬಿಸಿಲಾಗೆ ಎಲ್ಲಿ ನಿಲ್ತೀಯಮ್ಮ? ಒಂದು ಓಟಿಂದ ಏನಾಗ್ತದೆ, ಬಿಡು.’ ಕಾಳಜಿಯ ಮಾತೇ ನಿಜ. ಆದರೆ ಆ ಕಾಳಜಿಯಲ್ಲೇ ಒಬ್ಬ ತಾಯಿಯ ಹಕ್ಕು ಐದು ವರ್ಷ ಹಿಂದಕ್ಕೆ ಹೋಗುತ್ತದೆ.

ಕಾನೂನು ತಾಯಿಯ ಪರವಾಗಿಯೇ ಇದೆ. ಮತಗಟ್ಟೆಯೊಳಗೆ ಯಾರನ್ನು ಬಿಡಬೇಕು ಎಂದು ಹೇಳುವ 1961ರ ಚುನಾವಣಾ ನಿಯಮಗಳ 49-ಡಿ, ಮತದಾರರ ಕೈಯಲ್ಲಿರುವ ಕೂಸಿಗೂ ಪ್ರವೇಶ ಕೊಟ್ಟಿದೆ. ಕೂಸು ಹೊತ್ತ ತಾಯಿಯನ್ನು ಸಾಲಿನಲ್ಲಿ ಮೊದಲು ಬಿಡಬೇಕೆಂಬ ಸೂಚನೆಯೂ ಇದೆ. 2024ರಲ್ಲಿ ಮನೆಯಲ್ಲೇ ಮತ ಹಾಕುವ ಸೌಲಭ್ಯ 85 ದಾಟಿದವರಿಗೆ, ಹೆಚ್ಚಿನ ಅಂಗವೈಕಲ್ಯ ಇದ್ದವರಿಗೆ ಸಿಕ್ಕಿತು; ಬಾಣಂತಿಯರಿಗೆ ಸಿಗಲಿಲ್ಲ. ಅಂದರೆ ಆಕೆ ಮತಗಟ್ಟೆಗೇ ಬರಬೇಕು, ಕೂಸೂ ಜತೆಗೇ ಬರಬೇಕು.

ಗಡಿಯಲ್ಲಿ ಇನ್ನೊಂದು ತೊಡಕು. ನಾವು ಹೆಣ್ಣು ಕೊಡೋದು, ತರೋದು ರಾಜ್ಯ ನೋಡಿ ಅಲ್ಲ. ಚಳ್ಳಕೆರೆ, ಪಾವಗಡ ಕಡೆಯಿಂದ ಬಂದ ಸೊಸೆಯ ಹೆಸರು ಎಷ್ಟೋ ಸಲ ತವರಿನ ಪಟ್ಟಿಯಲ್ಲೇ ಉಳಿದಿರುತ್ತದೆ. ಹೆಸರು ಇಲ್ಲಿಗೆ ಬಂದಿದ್ದರೆ ಬಾಣಂತನಕ್ಕೆ ಆಕೆ ತವರಲ್ಲಿರುತ್ತಾಳೆ. 2024ರಲ್ಲಿ ಆ ಕಡೆ ಏಪ್ರಿಲ್ 26ಕ್ಕೆ ಮತದಾನ, ನಮ್ಮಲ್ಲಿ ಮೇ 13ಕ್ಕೆ. ಹಸುಗೂಸು ಕಟ್ಟಿಕೊಂಡು ಗಡಿ ದಾಟುವವರು ಎಷ್ಟು ಮಂದಿ? ಹೆಸರು ವರ್ಗಾಯಿಸಲು ನಮೂನೆ 8 ಇದೆ. ಚುನಾವಣೆ ಘೋಷಣೆ ಆಗಲಿ ಎಂದು ಕಾಯದೆ ಮದುವೆಯಾದ ವರ್ಷವೇ ತುಂಬಿ ಕೊಡಿ. ಎರಡೂ ಕಡೆ ಹೆಸರು ಇಟ್ಟುಕೊಳ್ಳುವುದು ಮಾತ್ರ ತಪ್ಪು.

ಸಾಲಿನಲ್ಲಿ ಕೂಸಿದ್ದರೆ ಮಾತಿಗೆ ಬರವಿಲ್ಲ. ‘ಎಷ್ಟು ತಿಂಗಳಮ್ಮ?’ ಎಂದು ಒಬ್ಬರು, ‘ಪಾಪ ಪೇರೇಮಿ?’ ಎಂದು ಇನ್ನೊಬ್ಬರು. ಕನ್ನಡವೋ ತೆಲುಗೋ, ಗುರುತಿಲ್ಲದವರೂ ಐದು ನಿಮಿಷದಲ್ಲಿ ಅಕ್ಕ, ಅತ್ತೆ ಆಗುತ್ತಾರೆ. ಹೆಸರು ಸೇರಿಸೋದು ಹೇಗೆ, ಯಾವ ಕೋಣೆಗೆ ಹೋಗಬೇಕು ಅನ್ನೋದು ಹೊಸ ಸೊಸೆಗೆ ತಿಳಿಯೋದೂ ಅಲ್ಲೇ. ಯಾರಿಗೆ ಓಟು ಎಂಬ ಮಾತು ಮಾತ್ರ ಬೇಡ. ಮತಗಟ್ಟೆಯಿಂದ 100 ಮೀಟರ್ ಒಳಗೆ ಪ್ರಚಾರ ನಿಷಿದ್ಧ.

ಅಧಿಕಾರಿಗಳು ನೆರಳು, ನೀರು, ಕೂರಲು ಒಂದು ಬೆಂಚು ಒದಗಿಸಲಿ. ಸಾಲಿನಲ್ಲಿ ಮುಂದಿರುವವರು ‘ನೀನು ಹೋಗಮ್ಮ ಮೊದ್ಲು’ ಅನ್ನಲಿ. ಮನೆಯವರು ಬಿಸಿಲೇರುವ ಮೊದಲೇ ಆಕೆಯನ್ನು ಕರೆದುಕೊಂಡು ಬರಲಿ.