ತಿಳಮಾತಿಗೆ ರಸ್ತೆ ಬೇಡ
ಉತ್ತರ ಕನ್ನಡದ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,



ಒಂದು ಕಡತಕ್ಕಿಂತ ಮೊದಲು ಈ ಪತ್ರ ತಮ್ಮನ್ನು ತಲುಪಲಿ ಎಂಬ ಆಸೆಯಿಂದ ಬರೆಯುತ್ತಿದ್ದೇನೆ. ಆ ಕಡತ ಇಂದಲ್ಲ ನಾಳೆ ತಮ್ಮ ಮೇಜಿಗೆ ಬಂದೇ ಬರುತ್ತದೆ. ಮೇಲೆ ‘ತಿಳಮಾತಿ ಕಡಲತೀರದ ಸಮಗ್ರ ಅಭಿವೃದ್ಧಿ’ ಎಂದಿರುತ್ತದೆ. ಒಳಗೆ ಕೂಡುರಸ್ತೆ, ವಾಹನ ನಿಲುಗಡೆ, ಇಂಟರ್‌ಲಾಕ್ ಹಾಸಿದ ಕಾಲುದಾರಿ, ಸೆಲ್ಫಿ ಪಾಯಿಂಟು, ಹೈಮಾಸ್ಟ್ ದೀಪ, ಊರಿನ ಹೆಸರಿನ ಪಕ್ಕ ಕೆಂಪು ಹೃದಯ ಬಿಡಿಸಿದ ಆಳೆತ್ತರದ ಅಕ್ಷರಗಳು. ಕರಾವಳಿಯ ಯಾವ ಊರಿನ ಅಭಿವೃದ್ಧಿ ನೋಡಿದರೂ ಹೆಚ್ಚುಕಡಿಮೆ ಇದೇ ಪಟ್ಟಿ, ಹೆಸರು ಮಾತ್ರ ಬೇರೆ. ಜಿಲ್ಲಾಧಿಕಾರಿಗಳು ವರ್ಗವಾಗುತ್ತಾರೆ, ಕಡತಗಳು ಉಳಿಯುತ್ತವೆ. ಆದ್ದರಿಂದ ಇದು ತಮ್ಮ ಹೆಸರಿಗಲ್ಲ, ತಾವು ಕುಳಿತಿರುವ ಕುರ್ಚಿಗೆ ಬರೆದ ಪತ್ರ ಎಂದುಕೊಳ್ಳಿ. ತಮ್ಮ ನಂತರ ಬರುವವರಿಗೂ ಇದು ಸಲ್ಲುತ್ತದೆ.

ಜಾಗ ತಮಗೆ ಗೊತ್ತಿರಬಹುದು. ಕಾರವಾರದಿಂದ ಗೋವಾ ಕಡೆಗೆ ಹೊರಟು, ಕೋಡಿಬಾಗದ ಬಳಿ ಕಾಳಿ ನದಿ ದಾಟಿ, ಸದಾಶಿವಗಡ ಕಳೆದು ಮುಂದೆ ಹೋದರೆ ಮಾಜಾಳಿ. ರಾಜ್ಯದ ಕೊನೆಯ ಊರುಗಳಲ್ಲಿ ಒಂದು. ಹೊರಗಿನವರಿಗೆ ಚೆಕ್‌ಪೋಸ್ಟಿನಿಂದಾಗಿ ಪರಿಚಿತ, ಒಳಗೆ ಮಾತ್ರ ಕೊಂಕಣಿ ಮಾತನಾಡುವ ಮೀನುಗಾರರ ಕೇರಿ, ತೆಂಗಿನ ತೋಟ, ದಂಡೆಗೆ ಎಳೆದಿಟ್ಟ ದೋಣಿ, ಒಣಹಾಕಿದ ಬಲೆ. ಮಾಜಾಳಿಯ ದಂಡೆ ಎಲ್ಲ ಕಡೆಯಂತೆ ತಿಳಿ ಬಣ್ಣದ ನುಣುಪು ಮರಳು. ಅದರ ತುದಿಯಲ್ಲಿ ಬಂಡೆ, ಬಂಡೆಯಾಚೆ ಗುಡ್ಡ. ಗುಡ್ಡ ಹತ್ತಿ ಇಳಿದರೆ ನೆಲದ ಬಣ್ಣವೇ ಬೇರೆ.

ಅದೇ ತಿಳಮಾತಿ. ಎರಡು ಗುಡ್ಡಗಳ ನಡುವೆ ಸಿಕ್ಕಿಕೊಂಡ ಪುಟ್ಟ ದಂಡೆ. ಅಲ್ಲಿರುವುದನ್ನು ಮರಳು ಎನ್ನಲಾಗದು, ಹರಳು ಎನ್ನಬೇಕು. ಕರಿ ಎಳ್ಳನ್ನು ಮೂಟೆಗಟ್ಟಲೆ ಸುರಿದ ಹಾಗೆ ಬಿಡಿಬಿಡಿಯಾದ ಕಪ್ಪು ಕಾಳು. ಸುತ್ತಲಿನ ಕಪ್ಪು ಬಂಡೆಗಳನ್ನು ಅಲೆ ಎಷ್ಟೋ ಕಾಲದಿಂದ ಅರೆದು ಹಾಕಿದ್ದು. ಅಂಗೈಗೆ ಮೆತ್ತಿಕೊಳ್ಳುವುದಿಲ್ಲ, ಕೊಡವಿದರೆ ಉದುರಿಹೋಗುತ್ತದೆ. ಮಧ್ಯಾಹ್ನದ ಬಿಸಿಲಿಗೆ ಬರಿಗಾಲಿಡಲು ಆಗದಷ್ಟು ಕಾಯುತ್ತದೆ. ಎರಡೂ ಕಡೆ ಗುಡ್ಡ ಅಡ್ಡ ನಿಂತಿರುವುದರಿಂದ ಗಾಳಿಯ ಅಬ್ಬರ ಕಡಿಮೆ, ಹೆದ್ದಾರಿಯ ಲಾರಿಗಳ ಸದ್ದು ಕೇಳಿಸುವುದಿಲ್ಲ. ಅಲೆ ಹಿಂದೆ ಸರಿಯುವಾಗ ಕಾಳುಗಳು ಒಂದರ ಮೇಲೊಂದು ಉರುಳುವ ಗರಗರ ಸದ್ದು ಮಾತ್ರ. ಜೊತೆಗೆ ಬಂದವರ ಮಾತು ತಾನಾಗಿ ತಗ್ಗುತ್ತದೆ. ಮೊಬೈಲಿನಲ್ಲಿ ಹಾಡು ಹಚ್ಚುವವರೂ ಇದ್ದಾರೆ ಅನ್ನಿ, ಆದರೆ ಗುಡ್ಡ ಹತ್ತಿ ಬಂದ ಆಯಾಸಕ್ಕೆ ಅವರೂ ಸ್ವಲ್ಪ ಹೊತ್ತು ಸುಮ್ಮನಿರುತ್ತಾರೆ.

ಈ ಆಯಾಸವೇ ನನ್ನ ವಾದದ ತಿರುಳು. ಇಷ್ಟು ವರ್ಷ ಆ ದಂಡೆಯನ್ನು ಕಾಯ್ದದ್ದು ಯಾವ ಇಲಾಖೆಯೂ ಅಲ್ಲ, ಆ ಗುಡ್ಡ. ಗೋಕರ್ಣದ ಕುಡ್ಲೆ, ಓಂ ದಂಡೆಗಳಿಗೂ ಒಂದು ಕಾಲಕ್ಕೆ ಗುಡ್ಡ ಹತ್ತಿಳಿದೇ ಹೋಗಬೇಕಿತ್ತು. ವಾಹನ ಹತ್ತಿರ ಬಂದಂತೆ ಅಲ್ಲಿ ಏನೇನಾಯಿತು ಎಂಬುದನ್ನು ತಮ್ಮ ಕಚೇರಿಗೆ ಬಂದ ದೂರುಗಳೇ ಹೇಳುತ್ತವೆ.  ತಿಳಮಾತಿಗೆ ಅದನ್ನೆಲ್ಲ ತಡೆದುಕೊಳ್ಳುವ ಶಕ್ತಿಯಿಲ್ಲ, ಅದಕ್ಕೆ ಕಾರಣವೂ ಇದೆ.

ಉದ್ದನೆಯ ತೆರೆದ ದಂಡೆಗಳಿಗೆ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿಯಂಥ ನದಿಗಳು ಮರಳು ತಂದು ಹಾಕುತ್ತವೆ. ನೀರಿನ ಸೆಳೆತ ಅದನ್ನು ದಂಡೆಯುದ್ದಕ್ಕೂ ಹಂಚುತ್ತದೆ. ಒಂದು ಕಡೆ ಕೊರೆದರೆ ಇನ್ನೊಂದು ಕಡೆ ತುಂಬುತ್ತದೆ. ಎರಡು ಗುಡ್ಡಗಳ ನಡುವಿನ ಇಂಥ ಪುಟ್ಟ ದಂಡೆಯ ಲೆಕ್ಕಾಚಾರವೇ ಬೇರೆ. ಮಳೆಗಾಲದ ದೊಡ್ಡ ಅಲೆ ಕಾಳನ್ನು ಒಳಗೆ ಎಳೆದುಕೊಳ್ಳುತ್ತದೆ, ಸಮುದ್ರ ಶಾಂತವಾದ ಮೇಲೆ ಅದನ್ನೇ ಮತ್ತೆ ತಂದು ಹಾಸುತ್ತದೆ. ಕೊಡುವುದು, ತೆಗೆದುಕೊಳ್ಳುವುದು ಹೆಚ್ಚಾಗಿ ಆ ಕೊಲ್ಲಿಯೊಳಗೇ. ಹೊರಗಿನಿಂದ ಬಂದು ಸೇರುವುದು ತೀರಾ ಕಡಿಮೆ. ಹಾಗಾಗಿ ಯಾರೋ ಬಾಟಲಿಯಲ್ಲಿ ತುಂಬಿಕೊಂಡು ಹೋದದ್ದು, ಅಕ್ವೇರಿಯಮ್ಮಿಗೆಂದು ಚೀಲದಲ್ಲಿ ಒಯ್ದದ್ದು ಹೋಯಿತು ಎಂದೇ ಅರ್ಥ. ನಮ್ಮ ಜೀವಮಾನದಲ್ಲಿ ಅದು ಮರಳಿ ಬರುವುದಿಲ್ಲ. ಗುಡ್ಡದಿಂದ ಇಳಿಯುವ ಓಣಿಗೆ ಕೆಂಪು ಮಣ್ಣು ಸುರಿದು ರಸ್ತೆ ಮಾಡಿದರೆ ಮೊದಲ ಮಳೆಗೇ ಆ ಮಣ್ಣು ಕೆಳಗಿಳಿದು ಕಪ್ಪು ಕಾಳಿನ ಸಂದುಗಳಲ್ಲಿ ಕೂರುತ್ತದೆ. ರಸ್ತೆ ಉಳಿಸಲು ತಡೆಗೋಡೆ, ತಡೆಗೋಡೆಗೆ ಬಡಿದ ಅಲೆ ಅದರ ಬುಡವನ್ನೇ ಕೊರೆಯುವುದು, ಆಮೇಲೆ ಕೊರೆತ ತಡೆಯಲು ಬಂಡೆಗಲ್ಲಿನ ರಾಶಿ. ಕರಾವಳಿಯ ಎಷ್ಟೋ ಕಡೆ ನಾವು ಕಂಡ ಸರಣಿ ಇದು.

ಕಾನೂನು ಅಡ್ಡ ಬರುವುದಿಲ್ಲ ಎಂದು ತಮ್ಮ ಅಧಿಕಾರಿಗಳು ಹೇಳಬಹುದು. ಅದು ಸ್ವಲ್ಪ ಮಟ್ಟಿಗೆ ನಿಜವೂ ಹೌದು. 2019ರ ಜನವರಿ 18ರಂದು ಬಂದ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಹಿಂದಿನದಕ್ಕಿಂತ ಸಡಿಲ. ಭರತದ ಗೆರೆಯಿಂದ 10 ಮೀಟರ್ ಬಿಟ್ಟು ದಂಡೆಯ ಮೇಲೂ ತಾತ್ಕಾಲಿಕ ಪ್ರವಾಸಿ ಸೌಕರ್ಯಗಳಿಗೆ ಅದು ಅವಕಾಶ ಕೊಡುತ್ತದೆ: ಶ್ಯಾಕ್, ಶೌಚಾಲಯ, ಬಟ್ಟೆ ಬದಲಿಸುವ ಕೋಣೆ, ಷವರ್. ಇಂಟರ್‌ಲಾಕ್ ಇಟ್ಟಿಗೆಯ ಕಾಲುದಾರಿಯನ್ನು ಹೆಸರು ಹಿಡಿದೇ ಹೇಳಿದೆ! ದೆಹಲಿಯಲ್ಲಿ ಕುಳಿತು ಅಧಿಸೂಚನೆ ಬರೆದವರ ಕಣ್ಣಿಗೂ ಅದೇ ಇಟ್ಟಿಗೆ ಕಂಡಿತಲ್ಲ ಎಂದು ನಗು ಬರುತ್ತದೆ. ಆದರೆ ಮಾಡಬಹುದು ಎಂದಿದೆಯೇ ಹೊರತು ಮಾಡಲೇಬೇಕು ಎಂದಿಲ್ಲ. ತಿಳಮಾತಿಯಷ್ಟು ಸಣ್ಣ ದಂಡೆಯಲ್ಲಿ 10 ಮೀಟರ್ ಬಿಟ್ಟ ಮೇಲೆ ಉಳಿಯುವುದೆಷ್ಟು, ಅದರಲ್ಲಿ ಶ್ಯಾಕ್ ಎಲ್ಲಿ, ಕೂರುವ ಜನ ಎಲ್ಲಿ ಎಂಬುದನ್ನು ನಕ್ಷೆಯ ಮೇಲೆ ಒಮ್ಮೆ ಗೆರೆ ಎಳೆಸಿ ನೋಡಿ.

ಅದೇ ಕಾನೂನಿನಲ್ಲಿ ಇನ್ನೊಂದು ಮಾತಿದೆ, ಅದನ್ನು ಯಾರೂ ಅಷ್ಟಾಗಿ ಎತ್ತುವುದಿಲ್ಲ. ಜಿಲ್ಲಾ ಮಟ್ಟದ ಕರಾವಳಿ ಸಮಿತಿಗೆ ತಾವೇ ಅಧ್ಯಕ್ಷರು. ಅದರಲ್ಲಿ ಮೀನುಗಾರರೂ ಸೇರಿದಂತೆ ಸ್ಥಳೀಯ ಸಾಂಪ್ರದಾಯಿಕ ಸಮುದಾಯಗಳ ಕನಿಷ್ಠ ಮೂವರು ಪ್ರತಿನಿಧಿಗಳು ಇರಬೇಕು. ಆ ಮೂವರು ಸಭೆಯ ಹಾಜರಿ ಪುಸ್ತಕದಲ್ಲಿ ಇದ್ದರೆ ಸಾಲದು, ನಡಾವಳಿಯಲ್ಲಿ ಅವರ ಮಾತು ದಾಖಲಾಗಬೇಕು.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆಂದರೆ, ಕಾರವಾರ ತಾಲ್ಲೂಕಿನ ಮೀನುಗಾರರಿಗೆ ‘ಅಭಿವೃದ್ಧಿ’ ಎಂಬ ಮಾತು ಕಿವಿಗೆ ಬಿದ್ದರೆ ಎದೆ ಹಾರುತ್ತದೆ. 1986ರಲ್ಲಿ ಸೀಬರ್ಡ್ ಯೋಜನೆಗೆ ಅಡಿಗಲ್ಲು ಬಿತ್ತು, 2005ರಲ್ಲಿ ಕದಂಬ ನೌಕಾನೆಲೆ ಶುರುವಾಯಿತು. ದೇಶಕ್ಕೆ ಬೇಕಾದದ್ದೇ, ಇಲ್ಲವೆನ್ನುವುದಿಲ್ಲ. ಆದರೆ ಕಾರವಾರ, ಅಂಕೋಲಾ ತಾಲ್ಲೂಕುಗಳ ಹಲವು ಹಳ್ಳಿಗಳ ಜನ ಮನೆ ಬಿಟ್ಟರು, ದಂಡೆ ಬಿಟ್ಟರು. 2020ರ ಜನವರಿಯಲ್ಲಿ ಸಾಗರಮಾಲಾ ಯೋಜನೆಯ ಅಡಿಯ ಬಂದರು ವಿಸ್ತರಣೆಯ ವಿರುದ್ಧ ಇಲ್ಲಿಯ ಮೀನುಗಾರರು ಟ್ಯಾಗೋರ್ ಕಡಲತೀರದಲ್ಲಿ ನೀರಿಗಿಳಿದು ಪ್ರತಿಭಟಿಸಿದ್ದು ಇದೇ ನೆನಪಿನ ಭಾರದಿಂದ. ಒಂದು ಕಾಲಕ್ಕೆ ದಂಡೆಯುದ್ದಕ್ಕೂ ಜನ ಸಾಲುಗಟ್ಟಿ ನಿಂತು ರಂಪಣಿ ಬಲೆ ಎಳೆಯುತ್ತಿದ್ದ ಕಡಲು ಇದು. ಎಪ್ಪತ್ತರ ದಶಕದ ಕೊನೆಯಲ್ಲಿ ಮೀನಿನ ಹಿಂಡನ್ನು ಸುತ್ತುಗಟ್ಟಿ ಹಿಡಿಯುವ ಪರ್ಸೀನ್ ದೋಣಿಗಳು ಬಂದ ಮೇಲೆ ರಂಪಣಿ ಸೊರಗಿತು. ಈಗ ಸಣ್ಣ ದೋಣಿಯವರ ಬದುಕು ಉಳಿದದ್ದು ದಡಕ್ಕೆ ಹತ್ತಿರದ ನೀರಿನಲ್ಲಿ. ಯಾಂತ್ರಿಕ ದೋಣಿಗಳು ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಲಂಗರು ಹಾಕುವಾಗಲೂ ನಾಡದೋಣಿಯವರು ಕಡಲು ಒಪ್ಪಿದ ದಿನ ಹೋಗಿ ಬರುತ್ತಾರೆ. ನೀರು ಇಳಿದಾಗ ಕಲ್ಲಿಗಂಟಿದ ಕಲ್ವಾ ಚಿಪ್ಪು ಕೆತ್ತಿ ತೆಗೆಯುವವರಿಗೂ ಈ ಬಂಡೆಸಾಲು ಬೇಕು. ನಮಗೆ ರಜೆಯ ಜಾಗವಾದದ್ದು ಅವರಿಗೆ ಕೆಲಸದ ಜಾಗ.

ಹಾಗಾದರೆ ಮುದುಕರು, ಗಾಲಿಕುರ್ಚಿಯವರು ಆ ಕಪ್ಪು ದಂಡೆ ನೋಡುವುದೇ ಬೇಡವೇ? ಇದು ನನಗೂ ಸುಲಭದ ಪ್ರಶ್ನೆಯಲ್ಲ. ಆದರೆ ಜಿಲ್ಲೆಗೆ ಸುಮಾರು 140 ಕಿಲೋಮೀಟರ್ ಕಡಲ ಅಂಚಿದೆ. ಕಾರವಾರದ ಟ್ಯಾಗೋರ್ ತೀರ ಹೆದ್ದಾರಿಯ ಪಕ್ಕದಲ್ಲೇ ಇದೆ, ಚಾಪಲ್ ಯುದ್ಧನೌಕೆ ನೋಡಿಕೊಂಡು ಹಾಗೇ ಇಳಿಯಬಹುದು. ಹೊನ್ನಾವರದ ಕಾಸರಕೋಡಿಗೆ 2020ರಲ್ಲೇ ಬ್ಲೂ ಫ್ಲ್ಯಾಗ್ ಬಂದಿದೆ. ಇಳಿಜಾರು ಹಾದಿ, ಕೈಹಿಡಿ, ನೀರಿನ ತನಕ ಹೋಗುವ ಚಾಪೆ ಇವೆಲ್ಲ ಮಾಜಾಳಿಯ ಸಮತಟ್ಟು ದಂಡೆಯಲ್ಲೂ ಚೆನ್ನಾಗಿ ಮಾಡಬಹುದು. ಅವರ ಹಕ್ಕಿನ ಹೆಸರು ಹೇಳಿ ಗುಡ್ಡ ಕಡಿದ ಮೇಲೆ ಅಲ್ಲಿ ಮೊದಲು ನಿಲ್ಲುವುದು ಗಾಲಿಕುರ್ಚಿಯಲ್ಲ, ಟೆಂಪೋ ಟ್ರಾವೆಲರ್.

ಊರಿನ ಕೆಲವು ಹುಡುಗರಿಗೂ ರಸ್ತೆ ಬೇಕೆನಿಸಬಹುದು. ಕೆಲಸ ಬೇಕು ಎಂಬುದು ಅದರ ಅರ್ಥ. ಆ ಕೆಲಸವನ್ನು ಗುಡ್ಡದ ಈಚೆ ಕೊಡಿ. ಗಾಡಿ ನಿಲ್ಲಿಸುವ ಜಾಗ, ಶೌಚಾಲಯ, ಕುಡಿಯುವ ನೀರು, ಬಂಗಡೆ ಹುರಿದು ಕೊಡುವ ಅಂಗಡಿ ಎಲ್ಲವೂ ಮಾಜಾಳಿಯಲ್ಲೇ ಇರಲಿ. ದಾರಿ ತೋರಿಸಲು, ಕಾಯಲು ಮೀನುಗಾರ ಮನೆಗಳ ಯುವಕರನ್ನೇ ನೇಮಿಸಿ, ತಿಂಗಳ ಸಂಬಳ ತಿಂಗಳಿಗೇ ಕೊಡಿ. ದಪ್ಪ ಕಾಳಿನ ದಂಡೆಗಳು ನುಣುಪು ಮರಳಿನ ದಂಡೆಗಳಿಗಿಂತ ಕಡಿದಾಗಿರುತ್ತವೆ. ನಾಲ್ಕು ಹೆಜ್ಜೆ ಇಟ್ಟರೆ ಆಳ, ಕಾಲ ಕೆಳಗಿನ ಕಾಳು ಜಾರುತ್ತದೆ. ನೀರು ಶಾಂತವಾಗಿ ಕಂಡಿತೆಂದು ಒಳನಾಡಿನಿಂದ ಬಂದವರು ಮೋಸಹೋಗುತ್ತಾರೆ. 2024ರ ಡಿಸೆಂಬರಿನಲ್ಲಿ ಮುರ್ಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದ ನಾಲ್ವರು ಹುಡುಗಿಯರು ಸಮುದ್ರದ ಪಾಲಾದದ್ದನ್ನು ಈ ಜಿಲ್ಲೆ ಮರೆಯಬಾರದು. ಗುಡ್ಡ ಹತ್ತುವ ಮೊದಲೇ ಕನ್ನಡ, ಕೊಂಕಣಿ, ಹಿಂದಿ, ಇಂಗ್ಲಿಷಿನಲ್ಲಿ ಎದ್ದು ಕಾಣುವ ಫಲಕ ಇರಲಿ. ಮಳೆಗಾಲದಲ್ಲಿ ದಾರಿ ಮುಚ್ಚಲಿ.

ಮತ್ತೊಂದು, ಬಾಟಲಿ. ಗೋವಾ ಗಡಿ ಪಕ್ಕದಲ್ಲೇ ಇರುವಾಗ ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಬಿಳಿ ಮರಳಿನಲ್ಲಿ ಒಡೆದ ಗಾಜು ಕಣ್ಣಿಗೆ ಬೀಳುತ್ತದೆ. ಕಪ್ಪು ಕಾಳಿನಲ್ಲಿ ಬಿಯರ್ ಬಾಟಲಿಯ ಕಂದು ಚೂರು ಕಾಲಿಗೆ ಚುಚ್ಚಿದ ಮೇಲೆಯೇ ಗೊತ್ತಾಗುವುದು. ಅಲ್ಲಿ ಬರಿಗಾಲಲ್ಲಿ ದೋಣಿ ಎಳೆಯುವವರು ಪ್ರವಾಸಿಗರಲ್ಲ. ಗಾಜಿನ ಯಾವ ವಸ್ತುವೂ ಗುಡ್ಡ ದಾಟದಂತೆ ಮಾಡಿದರೆ ಅರ್ಧ ಕೆಲಸ ಮುಗಿಯಿತು. ಇದಕ್ಕೆ ಕೋಟಿಗಳ ಟೆಂಡರ್ ಬೇಕಿಲ್ಲ, ಬಹುಶಃ ಅದೇ ಇದರ ತೊಂದರೆ.

ಹಣದ ಮಾತು ಬಂದದ್ದಕ್ಕೆ ಇನ್ನೊಂದು. 2024ರ ಆಗಸ್ಟ್ 7ರ ಬೆಳಗಿನ ಜಾವ ಕಾಳಿಯ ಹಳೆಯ ಸೇತುವೆ ಲಾರಿಯ ಸಮೇತ ಕುಸಿದು ಬಿದ್ದಾಗ ಮಾಜಾಳಿಯ ಜನಕ್ಕೂ ಕಾರವಾರಕ್ಕೂ ನಡುವೆ ಹೊಸ ಸೇತುವೆಯೊಂದೇ ಉಳಿಯಿತು. ಆಸ್ಪತ್ರೆ, ಕಾಲೇಜು, ಮೀನು ಪೇಟೆ ಎಲ್ಲವೂ ಅವರಿಗೆ ನದಿಯ ಆಚೆ. ಈ ಊರಿಗಾಗಿ ಹಣ ಎತ್ತಿಡುವುದಿದ್ದರೆ ಮೊದಲು ಅವರು ದಿನವೂ ಓಡಾಡುವ ದಾರಿಯತ್ತ ನೋಡಿ.

ತಮ್ಮಲ್ಲಿ ನನ್ನ ಕೋರಿಕೆ ಎರಡೇ. ಕರಾವಳಿ ಸಮಿತಿಯ ಮುಂದಿನ ಸಭೆಯಲ್ಲಿ, ತಿಳಮಾತಿಗೆ ವಾಹನ ಹೋಗುವ ದಾರಿ ಮಾಡುವುದಿಲ್ಲ, ದಂಡೆಯ ಮೇಲೆ ಏನನ್ನೂ ಕಟ್ಟುವುದಿಲ್ಲ, ಅಲ್ಲಿಯ ಕಾಳು ಒಯ್ಯಲು ಬಿಡುವುದಿಲ್ಲ ಎಂದು ನಡಾವಳಿಯಲ್ಲಿ ಬರೆಸಿ. ಅದಕ್ಕೂ ಮೊದಲೇ ಆ ಕಡತ ಮೇಜಿಗೆ ಬಂದುಬಿಟ್ಟರೆ, ಸಹಿ ಹಾಕುವ ಮುನ್ನ ಒಂದು ಬೆಳಿಗ್ಗೆ ಕಾರು ಮಾಜಾಳಿಯಲ್ಲೇ ಬಿಟ್ಟು, ಊರಿನ ಮೀನುಗಾರರೊಬ್ಬರನ್ನು ಜೊತೆಗೆ ಕರೆದುಕೊಂಡು, ಗುಡ್ಡ ಹತ್ತಿ ಇಳಿದು ಬನ್ನಿ.

ಇಂತಿ ತಮ್ಮ ವಿಶ್ವಾಸಿ,
ಇದೇ ಕರಾವಳಿಯ ಒಬ್ಬ ನಾಗರಿಕ